ನೀರಿಗೆ ಬೆನ್ನು ಮಾಡಿ ಕುಳಿತ ಮರ್ದಾನಸಾಬ

ಬೆಟಗೇರಿಯ ಮರ್ದಾನಸಾಬ ನಲವತ್ತು ವರ್ಷ ಈಜು ಕಲಿಸಿದ್ದು ನೀರಿಗೆ ಬೆನ್ನು ಮಾಡಿ ಕುಳಿತು. ತಿಳಿಯದವರು ಅದನ್ನು ಬಡಾಯಿ ಎಂದುಕೊಳ್ಳುತ್ತಿದ್ದರು. ಅದು ಮರ್ಯಾದೆಯಿಂದ ಹುಟ್ಟಿದ ರೂಢಿ. ಗಾದಿ ಹೊಲಿಯುವ ಮನೆತನದ ಅವನು ಮುಂಜಾನೆ ಹತ್ತಿ ಹಿಂಜಿ, ಬಿಸಿಲೇರುವ ಹೊತ್ತಿಗೆ ಓಣಿಯ ಕಲ್ಲುಬಾವಿಗೆ ಬಂದು ಗಂಡುಹುಡುಗರಿಗೆ ಕೈಕಾಲು ಬಡಿಯುವುದನ್ನು ಹೇಳಿಕೊಡುತ್ತಿದ್ದ. ಒಂದು ಬೇಸಿಗೆ ನೇಕಾರರ ಮನೆಯ ಇಬ್ಬರು ತಾಯಂದಿರು ಬಂದು, ತಮ್ಮ ಹೆಣ್ಣುಮಕ್ಕಳಿಗೂ ಕಲಿಸಬೇಕೆಂದು ಕೇಳಿದರು. ಒಂದು ದಿನವೆಲ್ಲ ಯೋಚಿಸಿ ಮರ್ದಾನಸಾಬ ಒಪ್ಪಿದ. ಹುಡುಗಿಯರು ತೇಲಲೆಂದು ಅವರ ಬೆನ್ನಿಗೆ ಒಣ ಸೋರೆಬುರುಡೆ ಕಟ್ಟುವ ಕೆಲಸವನ್ನು ಹೆಂಡತಿ ಅಲ್ಮಾಸಬಿಗೆ ವಹಿಸಿದ. ಅವಳು ಕಟ್ಟಿ ಅಡುಗೆಗೆಂದು ಮನೆಗೆ ಹೋದ ಮೇಲೆ ತಾನು ಮೂರನೆಯ ಮೆಟ್ಟಿಲ ಮೇಲೆ ಗೋಡೆಗೆ ಮುಖ ಮಾಡಿ ಕುಳಿತ. ತೊಯ್ದ ಬಟ್ಟೆಯ ಹೆಣ್ಣುಮಕ್ಕಳನ್ನು ಅವನು ನೋಡಲಿಲ್ಲ, ಕೇಳಿದ.

ಸುತ್ತಲೂ ಕಲ್ಲು ಕಟ್ಟಿದ ಆ ಬಾವಿಯಲ್ಲಿ ಒಂದು ಹನಿ ಬಿದ್ದರೂ ಸಪ್ಪಳ ಮೂರು ಸುತ್ತು ಹೊಡೆದು ಮೇಲೆ ಬರುತ್ತಿತ್ತು. ಯಾರ ಮೊಣಕಾಲು ಮಡಿಯುತ್ತಿದೆ, ಯಾರ ಕೈ ಸೋತಿದೆ ಎಂಬುದು ಅವನಿಗೆ ಕಿವಿಯಲ್ಲೇ ತಿಳಿಯುತ್ತಿತ್ತು. “ಬಲಗಾಲ ಮನ್ಯಾಗ ಬಿಟ್ಟ ಬಂದೀಯೇನು? ಬಡಿ!” ಎಂದು ಗೋಡೆಗೇ ಗದರುತ್ತಿದ್ದ, ನೀರಿನಲ್ಲಿದ್ದವಳು ಬೆಚ್ಚಿ ಬಡಿಯುತ್ತಿದ್ದಳು. ನೋಡದವನೆಂಬ ಕಾರಣಕ್ಕೇ ಎಲ್ಲ ಜಾತಿಯ ಮನೆಗಳೂ ಹೆಣ್ಣುಮಕ್ಕಳನ್ನು ಅವನ ಬಾವಿಗೆ ಕಳಿಸಿದವು. ಗದಗ ಬೇರೆ ಜಿಲ್ಲೆಯಾಗಿ ಕೆಲವು ವರ್ಷಗಳಾದ ಮೇಲೆ ಆ ಬಾವಿಗೆ ಕಾಂಕ್ರೀಟಿನ ಮುಚ್ಚಳ ಬಿತ್ತು. ಅಷ್ಟರಲ್ಲಿ ಅವನ ಬದುಕೆಲ್ಲ ಒಂದೇ ಮಾತಿನಲ್ಲಿ ಹಿಡಿಸುವಂತಾಗಿತ್ತು: “ನನ್ನ ಬಾವ್ಯಾಗ ಒಂದ ಜೀವಾನೂ ಹೋಗಿಲ್ಲ.” ಅಲ್ಮಾಸಬಿ ತೀರಿಕೊಂಡಾಗಲೂ ಮಾತನಾಡಿಸಲು ಬಂದವರು ಈ ಮಾತನ್ನೇ ನೆನೆದು ಹೋಗಿದ್ದರು.

ಮುಂಡರಗಿ ರಸ್ತೆಯಲ್ಲಿ ವಾಟರ್ ಪಾರ್ಕ್ ಆರಂಭವಾದ ಬೇಸಿಗೆ, ಮಗ ಅಯ್ಯೂಬ ಮನೆಮಂದಿಯನ್ನೆಲ್ಲ ಕರೆದೊಯ್ಯಲು ನಿಂತ. ಬೇಡವೆಂದವಳು ಸೊಸೆ ಯಾಸ್ಮೀನ. ಹಿರೇವಡ್ಡಟ್ಟಿಯ ಅವಳ ತವರಿನಲ್ಲಿ ಆರು ವರ್ಷದ ತಮ್ಮನೊಬ್ಬ ಕೆರೆಯಲ್ಲಿ ಮುಳುಗಿ ಹೋಗಿದ್ದ. ಅಂದಿನಿಂದ ಅವಳಿಗೆ ಕೊಡಕ್ಕಿಂತ ಹೆಚ್ಚಿನ ನೀರು ಕಂಡರೆ ಆಗುತ್ತಿರಲಿಲ್ಲ. ಎಂಟು ವರ್ಷದ ಮಗಳು ಆಯೇಶಾಳಿಗೆ ಈಜು ಬರುತ್ತಿರಲಿಲ್ಲ. ಅವಳು ಹುಟ್ಟುವ ಮೊದಲೇ ಬಾವಿ ಮುಚ್ಚಿತ್ತು. ಊರಿಗೆಲ್ಲ ಕಲಿಸಿದವನಿಗೆ ಸ್ವಂತ ಮೊಮ್ಮಗಳಿಗೆ ಕಲಿಸಲಾಗಲಿಲ್ಲವಲ್ಲ ಎಂಬುದು ಮರ್ದಾನಸಾಬನನ್ನು ಒಳಗೊಳಗೇ ತಿನ್ನುತ್ತಿತ್ತು.

“ದಂಡಿಗೆ ನಿಂತು ನೋಡ್ಕೊಂಡು ಬರ್ಲಿ, ಮಾವಾರ. ಒಳಗ ಇಳಿಯೂದು ಬ್ಯಾಡ.”

“ನಾ ಅದೀನಲ್ಲವಾ. ಅಕೀ ಜಿಮ್ಮಾ ನಂದು.”

“ಆತ ಬಿಡು,” ಎಂದು ಅಯ್ಯೂಬ ನಕ್ಕ. “ಅಪ್ಪಾನ ಕಿವಿಗೆ ಮೀನ ಉಸಿರ ಬಿಟ್ರೂ ಗೊತ್ತಾಕ್ಕೈತಿ.”

ಯಾಸ್ಮೀನ ಮಾವನ ಮುಖವನ್ನು ಬಹಳ ಹೊತ್ತು ನೋಡಿದಳು. ಆ ಮುಖವನ್ನು ನಂಬಿ ಹೂಂ ಎಂದಳು.

ಭಾನುವಾರ ಪಾರ್ಕಿನ ಮುಂದೆ ಶಿರಹಟ್ಟಿಯಿಂದ, ಲಕ್ಷ್ಮೇಶ್ವರದಿಂದ ಟೆಂಪೋ ಮಾಡಿಕೊಂಡು ಬಂದವರ ಜಾತ್ರೆಯೇ ಸೇರಿತ್ತು. ನೈಲಾನ್ ಉಡುಪು ತೊಡದವರು ನೀರಿನ ಹತ್ತಿರ ಹೋಗುವಂತಿರಲಿಲ್ಲ. ಯಾಸ್ಮೀನ ತೊಡಲೊಪ್ಪದೆ, ಕಟಾಂಜನದ ಆಚೆ ನೆರಳಿನಲ್ಲಿ ಬುತ್ತಿಯ ಗಂಟಿನೊಂದಿಗೆ ಉಳಿದಳು. ಅಲ್ಲಿಂದ ಅವಳಿಗೆ ಜನರ ತಲೆಗಳ ಹೊರತು ಏನೂ ಕಾಣುತ್ತಿರಲಿಲ್ಲ. ಅಯ್ಯೂಬ ಜಾರುಬಂಡೆಯ ಸರದಿಗೆ ಓಡಿದ. ಮರ್ದಾನಸಾಬ ಜೀವಮಾನದಲ್ಲಿ ಮೊದಲ ಸಲ ಲುಂಗಿ ಬಿಚ್ಚಿ ನೀಲಿ ಚಡ್ಡಿ ತೊಟ್ಟು, ಮೊಮ್ಮಗಳ ಕೈ ಹಿಡಿದು ಅಲೆ ಏಳುವ ಕೊಳಕ್ಕೆ ಬಂದ. ದಂಡೆಯಲ್ಲಿ ಹಿಮ್ಮಡಿಯಷ್ಟಿದ್ದ ನೀರು ಇಳಿಜಾರಿನಲ್ಲಿ ಸಾಗುತ್ತ ಆಚೆ ಕಡೆಗೆ ದೊಡ್ಡವರ ಎದೆಯ ಮಟ್ಟ ಮುಟ್ಟುತ್ತಿತ್ತು.

“ಈ ಬಿಳಿ ಗೆರಿ ದಾಟಬ್ಯಾಡ. ಒದರ್ಕೋತ ಆಡು, ನಾ ಕೇಳ್ತಿರ್ತೀನಿ.”

ತಲೆ ಎತ್ತಿ ಕೊಳವನ್ನು ನೋಡಿದ. ಮೈಗಂಟಿದ ನೈಲಾನಿನಲ್ಲಿ ನೂರಾರು ಹೆಂಗಸರು, ಸೊಸೆಯ ವಯಸ್ಸಿನವರು, ಓಣಿಯ ಪರಿಚಯದವರು. ಒಬ್ಬಳು ನೀರಿನಿಂದಲೇ ಕೈಯೆತ್ತಿ, “ಸಾಬರ, ನೀವೂ ಬಂದ್ರೇನ್ರಿ?” ಎಂದಳು. ಮರ್ದಾನಸಾಬ ಕಣ್ಣು ಕೆಳಗೆ ಮಾಡಿ, ಯಾರೂ ಹೇಳದಿದ್ದರೂ ತಿರುಗಿ, ಕೊಳದ ದಂಡೆಯ ಮೇಲೆ ಕಟಾಂಜನದ ಕಡೆಗೆ ಮುಖ ಮಾಡಿ ಕುಳಿತುಬಿಟ್ಟ.

ಕಂಬಕಂಬಕ್ಕೂ ಹಾಡು ಅಬ್ಬರಿಸುತ್ತಿತ್ತು. ಆದರೂ ಅವನು ಆ ಗದ್ದಲವನ್ನು ಎಳೆ ಎಳೆಯಾಗಿ ಬಿಡಿಸಿ ಆಯೇಶಾಳ ದನಿಯನ್ನು ಹುಡುಕಿ ಹಿಡಿದ. “ಅಜ್ಜಾ, ತೆರಿ ಬಂತು!” “ಬರ್ಲಿ ಬಿಡವಾ!” ಎಂದ, ಮುಂದಿನ ಕಟಾಂಜನಕ್ಕೆ. ಹತ್ತು ವರ್ಷಗಳ ನಂತರ ಮತ್ತೆ ಕೆಲಸಕ್ಕೆ ಕುಳಿತಂತೆ ಬೆನ್ನು ನೆಟ್ಟಗಾಯಿತು.

ಮದುವೆ ಮನೆಗಳಲ್ಲಿ ನಿರೂಪಣೆ ಮಾಡುವ ಪವಮಾನ ಎಂಬವನನ್ನು ಪಾರ್ಕಿನವರು ಮೈಕು ಕೊಟ್ಟು ಬಿಟ್ಟಿದ್ದರು. ಬಂದವರಿಗೆ ಏನನ್ನಿಸಿತೆಂದು ಕೇಳಿ ಎಲ್ಲರಿಗೂ ಕೇಳಿಸುವುದು ಅವನ ಕೆಲಸ. ಸೀರೆಯ ಮೇಲೆಯೇ ನೈಲಾನ್ ಅಂಗಿ ತೊಟ್ಟು ನೀರಿನಲ್ಲಿ ನಿಂತಿದ್ದ ಡಂಬಳದ ಹನಮಂತವ್ವನ ಬಾಯಿಗೆ ಅವನು ಮೈಕು ಹಿಡಿದ.

“ಏನ್ ಅನ್ನಸ್ತೈತೋ ತಮ್ಮಾ, ನಮ್ಮೂರ ಕೆರ್ಯಾಗ ಎಮ್ಮಿ ನಿಂತಂಗ ನಿಂತೀವಿ. ಎಮ್ಮಿಗೆ ಹಾಡ ಹಚ್ಚೂದಿಲ್ಲ, ನಮಗ ಹಚ್ಚ್ಯಾರ. ಅಷ್ಟ ಫರಕು.”

ಕೊಳವೆಲ್ಲ ನಕ್ಕಿತು. ಆ ನಗೆ ಅಡಗುವ ಮೊದಲೇ ಪವಮಾನ ಮರ್ದಾನಸಾಬನ ಮುಂದೆ ಬಂದು ಕುಕ್ಕರಿಸಿದ. “ಅಜ್ಜಾರ, ನೀರಿಗೆ ಬೆನ್ನ ತೋರ್ಸಿ ಕುಂತೀರಲ್ಲ, ನಮ್ಮ ಮ್ಯಾಲ ಸಿಟ್ಟೇನ್ರಿ?”

“ಸಿಟ್ಟ್ಯಾಕಪಾ. ನಲವತ್ತ ವರ್ಷ ಹಿಂಗ ಕುಂತು ಈಸ ಕಲಿಸೀನಿ.”

“ಹೌದ್ರೀ? ಹಂಗಾರ ನೀವ ಹೇಳ್ರಿ, ನಮ್ಮ ನೀರು ಹೆಂಗೈತಿ?”

ಮರ್ದಾನಸಾಬ ಮೈಕನ್ನು ಎರಡೂ ಕೈಯಲ್ಲಿ ಹಿಡಿದ. “ನೀರ ಚಲೋ ಐತಿ. ಆದರ ಆಳ ಇಲ್ಲ. ಇದರಾಗ ಮುಳುಗಬೇಕಂದ್ರ ಭಾಳ ಕಷ್ಟಪಡಬೇಕು.” ಜನ ಹೋ ಎಂದರು. ದೊಡ್ಡ ಅಲೆಯ ಮುನ್ಸೂಚನೆಯ ಸೈರನ್ನು ಕೂಗಿತು. ಅವನಿನ್ನೂ ಮುಗಿಸಿರಲಿಲ್ಲ. “ನನ್ನ ಬಾವ್ಯಾಗ ಒಂದ ಜೀವಾನೂ ಹೋಗಿಲ್ಲ,” ಎಂದ. ಅದು ಎಲ್ಲ ಕಂಬಗಳಿಂದಲೂ ದೊಡ್ಡದಾಗಿ ಹೊರಟು ಕೊಳದ ಮೇಲೆ ಹರಡಿತು. ತನ್ನ ದನಿ ಅಷ್ಟು ದೊಡ್ಡದಾಗಿ ಕೇಳಿದ್ದು ಅವನಿಗೆ ಅದೇ ಮೊದಲು. ಅದು ಹಿತವಾಗಿತ್ತು.

ಮೈಕು ಮರಳಿಸಿ ಕಿವಿಗೊಟ್ಟ. ಹಾಡಿತ್ತು, ನಗೆಯಿತ್ತು, ಅಲೆ ಹಿಂದೆ ಸರಿಯುವ ಸದ್ದಿತ್ತು. ಆಯೇಶಾಳ ದನಿ ಇರಲಿಲ್ಲ. ಅದು ಎಷ್ಟು ಹೊತ್ತಿನಿಂದ ಇಲ್ಲವೆಂಬುದು ಅವನಿಗೆ ಗೊತ್ತಾಗಲಿಲ್ಲ.

ತಿರುಗಿ ನೋಡಿದಾಗ, ಬಿಳಿ ಗೆರೆಯ ಬಹುದೂರ ಆಚೆ, ಹನಮಂತವ್ವ ಎದೆಮಟ್ಟದ ನೀರಿನಲ್ಲಿ ಒಂದು ಮಗುವನ್ನು ಕೂದಲು ಹಿಡಿದು ಮೇಲೆತ್ತಿದ್ದಳು. “ಯಾರದರೀ ಈ ಕೂಸು? ಯಾರದೂ?” ಎಂದು ನಾಲ್ಕೂ ದಿಕ್ಕಿಗೆ ಕೂಗುತ್ತಿದ್ದಳು. ಅವಳಿಗೆ ಈಜು ಬರುತ್ತಿರಲಿಲ್ಲ; ಕಾಲಿಗೆ ಏನೋ ಮೆತ್ತಗೆ ತಾಗಿತೆಂದು ಬಗ್ಗಿದ್ದಳು, ಅಷ್ಟೆ.

ನೀರು ಕುಡಿದವರಿಗೆ ಏನು ಮಾಡಬೇಕೆಂಬುದು ಮರ್ದಾನಸಾಬನ ಕೈಗಳಿಗೆ ಗೊತ್ತಿತ್ತು. ಅವು ತಮ್ಮಷ್ಟಕ್ಕೆ ತಾವೇ ಮಾಡಿದವು. ಆಯೇಶಾ ಕೆಮ್ಮಿದಳು, ಕಾರಿದಳು, ಉಸಿರೆಳೆದಳು. ಕಣ್ಣು ಮಾತ್ರ ತೆರೆಯಲಿಲ್ಲ. ಗದಗಿಗೆ ಒಯ್ಯುವ ಗಾಡಿಯಲ್ಲಿ ಯಾಸ್ಮೀನ ಅಳಲಿಲ್ಲ. ದಾರಿ ಅರ್ಧ ಮುಗಿದ ಮೇಲೆ ಕೇಳಿದಳು:

“ನೀವು ನೋಡಾಕ ಹತ್ತಿದ್ರಿಲ್ಲೋ, ಮಾವಾರ?”

“ಕೇಳಾಕ ಹತ್ತಿದ್ದೆ.”



ಪುಪ್ಪುಸಕ್ಕೆ ನೀರು ಹೋಗಿ ಜ್ವರ ಏರಿತ್ತು. ಮೂರನೆಯ ದಿನ ಡಾಕ್ಟರು ಜೀವಕ್ಕೆ ಭಯವಿಲ್ಲವೆಂದರು. ಕಣ್ಣು ಬಿಟ್ಟ ಆಯೇಶಾ, ಒದ್ದೆ ಬಟ್ಟೆಯಿಂದ ಮುಖ ಒರೆಸಹೋದರೆ ಸಾಕು, ಎರಡೂ ಕೈಯಿಂದ ಮೂಗು ಬಾಯಿ ಮುಚ್ಚಿಕೊಂಡು ನಡುಗುತ್ತಿದ್ದಳು. ಮನೆಯವರು ಯಾರೂ ಬೈಯಲಿಲ್ಲ. “ಹಾಡಿನ ಗದ್ಲಾ ಅಪ್ಪಾ, ನೀ ಏನ್ ಮಾಡಾಂವ,” ಎಂದ ಅಯ್ಯೂಬ, ನೆಲ ನೋಡುತ್ತ. ಮರ್ದಾನಸಾಬ ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡ. ತಪ್ಪು ಆ ಜಾಗದ್ದು. ಆ ಕೊಳಕ್ಕೆ ಕಲ್ಲಿಲ್ಲ, ಗೋಡೆಯಿಲ್ಲ, ಸದ್ದಿಗೆ ಮರ್ಯಾದೆಯಿಲ್ಲ. ತನ್ನ ಬಾವಿಯಲ್ಲಾಗಿದ್ದರೆ ಹೀಗಾಗುತ್ತಿರಲಿಲ್ಲ. ಮೂರು ದಿನ ಊಟ ಸೇರದಿದ್ದರೂ ಅವನು ಈ ಒಂದು ನಂಬಿಕೆಯ ಮೇಲೆ ಎದ್ದು ಕುಳಿತಿದ್ದ.

ಮರುದಿನ ಸಂಜೆ ಮಗುವನ್ನು ನೋಡಲು ಭಾಗೀರಥಿಬಾಯಿ ಆಸ್ಪತ್ರೆಗೆ ಬಂದಳು. ಶಾಲೆಯಲ್ಲಿ ಶಿಕ್ಷಕಿಯಾಗಿ ನಿವೃತ್ತಳಾದ ಅವಳು ಅವನ ಮೊದಮೊದಲ ಶಿಷ್ಯೆಯರಲ್ಲಿ ಒಬ್ಬಳು. ರವೆ ಉಂಡಿಯ ಡಬ್ಬಿಯನ್ನು ಯಾಸ್ಮೀನಳ ಕೈಗಿಟ್ಟು, ಮುದುಕನ ಮುಖ ನೋಡಿ ಮರುಗಿದಳು.

“ಮನಸಿಗೆ ಹಚ್ಚಗೋಬ್ಯಾಡ್ರಿ ಸಾಬರ. ನೀರಂದಮ್ಯಾಲೆ ಇಂಥಾವು ಆಗ್ತಾವ. ನಾ ಮುಳುಗಿದ್ದಿಲ್ಲೇನು?”

“ಎಲ್ಲಿ?”

“ಎಲ್ಲಿ ಅಂದ್ರ! ನಿಮ್ಮ ಬಾವ್ಯಾಗ. ಬುರುಡಿ ಹಗ್ಗ ಬಿಚ್ಚಿತ್ತು. ಎರಡು ಸಲ ತಳಕ್ಕ ಹೋಗಿ ಬಂದೆ. ನೇಕಾರರ ದೇವವ್ವ ಜಡಿ ಹಿಡದು ಎಳದ್ಲು.”

“ನಾ ಅಲ್ಲೇ ಇದ್ನಲ್ಲ.”

“ಇದ್ರಿ, ಮೆಟ್ಟಲ ಮ್ಯಾಲೆ. ಮುಳುಗಾಕಿ ಎಲ್ಲಿ ಸಪ್ಪಳ ಮಾಡ್ತಾಳ್ರಿ, ಬಾಯಿತುಂಬ ನೀರು!” ನೆನಪಿಗೆ ಅವಳಿಗೆ ನಗು ಬಂತು. “ನೀವು ಗ್ವಾಡಿಗೆ ಮಾರಿ ಮಾಡಿ, ‘ಹಾಂ, ಈಗ ಹದಕ್ಕ ಬಂದಿ ನೋಡು, ಸಪ್ಪಳ ಕಡಿಮಿ ಆತು’ ಅಂತ ನನ್ನ ಹೊಗಳಿದ್ರಿ. ಎಷ್ಟು ವರ್ಷ ನಕ್ಕೇವಿ ಅದನ್ನ ನೆನಸಿಕೊಂಡು.”

ಮರ್ದಾನಸಾಬ ನಗಲಿಲ್ಲ. “ಆವತ್ತ ಯಾಕ ಹೇಳಲಿಲ್ಲವಾ?”

“ಹೇಳಿದ್ರ ಮನ್ಯಾಗ ಕಳಸ್ತಿದ್ರೇನು? ಅದಕ್ಕ ಹುಡುಗ್ಯಾರೆಲ್ಲಾ ಮಾತಾಡಿಕೊಂಡಿದ್ವಿ, ಇಬ್ಬರು ನೀರಾಗಿದ್ರ ಒಬ್ಬಾಕಿ ಮ್ಯಾಲೆ ನಿಂತು ನೋಡ್ತಿರಬೇಕು ಅಂತ. ನಮ್ಮ ಹಿಂದ ಬಂದವರಿಗೂ ಹಂಗ ಹೇಳಿಕೊಟ್ವಿ.”

“ಮುಳುಗಿದವರು ಎಷ್ಟ ಮಂದಿ?”

ಭಾಗೀರಥಿಬಾಯಿ ಬೆರಳು ಮಡಚುತ್ತ ಹೆಸರು ಹೇಳತೊಡಗಿದಳು. ಒಂದು ಕೈ ಮುಗಿದು ಇನ್ನೊಂದಕ್ಕೆ ಬರುವಾಗ ಅವನ ಮುಖ ಕಂಡು, ಮಡಚಿದ ಬೆರಳುಗಳನ್ನು ಸೆರಗಿನಲ್ಲಿ ಮರೆಮಾಡಿದಳು. “ಯಾರೂ ಹೋಗ್ಲಿಲ್ಲಲ್ಲ, ಸಾಬರ. ನಿಮ್ಮ ಹೆಸರು ಉಳೀತಲ್ಲ, ಅಷ್ಟ ಸಾಕು.”

ಅವನು ತಲೆಯಾಡಿಸಿದ. ಗೋಡೆ ನೋಡುತ್ತ ಕುಳಿತ ಆ ನಲವತ್ತು ವರ್ಷ ಅವನ ಬೆನ್ನ ಹಿಂದೆ ಹುಡುಗಿಯರು ಒಬ್ಬರನ್ನೊಬ್ಬರು ಕಾಯ್ದಿದ್ದರು. ಆಯೇಶಾ ಒಬ್ಬಳೇ ಇದ್ದಳು.

ಯಾಸ್ಮೀನ ಬಿಸಿನೀರು ತರಲೆಂದು ಎದ್ದಳು. ಮರ್ದಾನಸಾಬ ಮಂಚದ ಪಕ್ಕದಲ್ಲೇ ಇದ್ದ. ಅವನ ಕೈ ಮಗುವಿನ ಹೊದಿಕೆಯ ಮೇಲಿತ್ತು. ಅವಳು ಬಾಗಿಲ ಬಳಿ ನಿಂತು, ಕೋಣೆಯ ಆಚೆ ಕುಳಿತಿದ್ದ ಭಾಗೀರಥಿಬಾಯಿಗೆ ಹೇಳಿದಳು:

“ಬಾಯಾರ, ನಾ ಬರೂತನಕ ಕೂಸಿನ ಕಡೆ ಒಂದಿಷ್ಟ ಲಕ್ಷ್ಯ ಇರ್ಲಿರಿ.”

ಅದರಲ್ಲಿ ಸಿಟ್ಟಿರಲಿಲ್ಲ. ಮರ್ದಾನಸಾಬ ಹೊದಿಕೆಯಿಂದ ಕೈ ತೆಗೆದು, ಭಾಗೀರಥಿಬಾಯಿಗೆ ಮಗು ಸರಿಯಾಗಿ ಕಾಣಲೆಂದು ತನ್ನ ಸ್ಟೂಲನ್ನು ಆಚೆಗೆ ಎಳೆದುಕೊಂಡ.