ಹೊಲಿಗೆ ಮೆಷಿನ್ ಪಕ್ಕದ ಟೊಮೆಟೊ

ಮಲಾಡ್‌ನಲ್ಲಿರುವ ನಮ್ಮ ಮನೆಯ ಬಾಲ್ಕನಿಯೇ ನನ್ನ ಹೊಲಿಗೆ ಅಂಗಡಿ. ಪಾರಿವಾಳಗಳ ಕಾಟಕ್ಕೆ ಸುತ್ತಲೂ ಗಾಜು ಹಾಕಿಸಿದ್ದೇನೆ. ಅಲ್ಲೇ ಐದು ಕುಂಡಗಳಲ್ಲಿ ಟೊಮೆಟೊ ನೆಟ್ಟಿದ್ದೆ. ನಾಲ್ಕು ಗಿಡಗಳು ಹೂವು ಬಿಟ್ಟು ಹಾಗೇ ಉದುರಿಸುತ್ತಿದ್ದವು. ಜಾಗ ಸಾಲದೆ ಮೆಷಿನ್ ಟೇಬಲ್ ಮೇಲಿಟ್ಟ ಐದನೆಯದು ಮಾತ್ರ ಕಾಯಿ ಕಚ್ಚಿತ್ತು. ಆ ನಾಲ್ಕನ್ನು ಭಾನುವಾರ ಕಿತ್ತೆಸೆಯುವುದೆಂದು ತೀರ್ಮಾನಿಸಿಬಿಟ್ಟಿದ್ದೆ.

ಅಷ್ಟರಲ್ಲಿ ಟೇಬಲ್ ನಡುಗುತ್ತದೆಂದು ರಿಪೇರಿಯವರನ್ನು ಕರೆಸಿದೆ. ವಿಜಯಪುರದ ಕಡೆಯವರು. ಮೆಷಿನ್ ಓಡಿಸಿ ನೋಡಿದರು. ಟೇಬಲ್ ಜೊತೆ ಗಿಡವೂ ನಡುಗಿತು. ಅವರು ನಕ್ಕರು.

“ಅಕ್ಕಾರ, ಇದು ಅಲ್ಲಾಡತೈತಿ, ಅದಕ್ಕ ಕಾಯಿ ಹಿಡದೈತಿ. ಈ ಗಾಜಿನ್ಯಾಗ ಗಾಳಿ ಎಲ್ಲೈತ್ರಿ? ಉಳಿದವನ್ನೂ ಅಲ್ಲಾಡಸ್ರಿ.”

“ಟೊಮೆಟೊ ಹೂವಿನಲ್ಲಿ ಗಂಡು ಹೆಣ್ಣು ಎರಡೂ ಒಟ್ಟಿಗೇ ಇರ್ತದೆ. ನಾನು ಪುಸ್ತಕ ಓದಿಯೇ ನೆಟ್ಟದ್ದು,” ಎಂದೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಓದಿ ತಿಳಿದದ್ದನ್ನು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ.

“ಗಂಡ ಹೆಂಡ್ತಿ ಒಂದ ಮನ್ಯಾಗ ಇದ್ರ ಆತೇನ್ರಿ? ಯಾರರ ಮಾತಾಡಸಬೇಕಲ್ರಿ!”

“ನೀವು ಟೇಬಲ್ ನೋಡಿ,” ಎಂದೆ.

ಅವರು ಟೇಬಲ್ ಬಿಗಿಮಾಡಿ ಹೋದ ಮೇಲೆ, ಬಾಗಿಲು ಹಾಕಿಕೊಂಡು ನಾಲ್ಕೂ ಗಿಡಗಳ ಹೂಗೊಂಚಲನ್ನು ಬೆರಳಿನಿಂದ ಮೆಲ್ಲಗೆ ತಟ್ಟಿದೆ. ಆಮೇಲೆ ದಿನಾ ಬೆಳಿಗ್ಗೆ ತಟ್ಟುತ್ತಾ ಬಂದೆ. ಎರಡು ವಾರದೊಳಗೆ ನಾಲ್ಕರಲ್ಲೂ ಬಟಾಣಿಯಷ್ಟು ದಪ್ಪದ ಕಾಯಿಗಳು ಕಂಡವು.

ಮತ್ತೊಮ್ಮೆ ಅವರು ಮೆಷಿನ್ ನೋಡಲು ಬಂದಾಗ ಒಂದು ಚೀಲ ಹಣ್ಣು ಕೊಟ್ಟೆ. ಗೊಬ್ಬರ ಬದಲಾಯಿಸಿದ್ದು ಒಳ್ಳೆಯದಾಯಿತು ಎಂದೂ ಹೇಳಿದೆ.