ಬಲಕ್ಕಿಟ್ಟ ಎರಡು ಪೆಟ್ಟಿಗೆ

ಹಾಡು ಕೇಳುವಾಗ ಚಾಚಾನ ಮುಖ ಎದುರು ಗೋಡೆಗೆ ತಿರುಗಿರುತ್ತಿತ್ತು. ಬಿಳಿ ಕೂದಲು ಬೆಳೆದ ಬಲಗಿವಿ ಮಾತ್ರ ಸ್ಪೀಕರಿನ ಕಡೆಗೆ. ಗೋವಾದ ಚಿಂಬಲ್‌ನಲ್ಲಿ ನಮ್ಮ ಎದುರು ಖೋಲಿ ಅವರದು. ಒಬ್ಬರೇ ಇದ್ದರು. ಪಣಜಿಯಲ್ಲಿ ಹಳೆಯ ಮನೆಯೊಂದನ್ನು ಕೆಡವಲು ಹೋದಾಗ, ಯಜಮಾನಿ ಎಸೆಯಲಿದ್ದ ಪ್ಲೇಯರನ್ನು, ಎರಡು ಸ್ಪೀಕರ್ ಪೆಟ್ಟಿಗೆಗಳನ್ನು, ಹದಿನೇಳು ರೆಕಾರ್ಡುಗಳನ್ನು ಕೇಳಿ ತಂದಿದ್ದರು.

ಐತವಾರ ನಾನೂ ಹೋಗಿ ಕೂರುತ್ತಿದ್ದೆ. ತೀರಿಹೋದ ಚಾಚಿಯ ಓಢಣಿಯಿಂದಲೇ ರೆಕಾರ್ಡು ಒರೆಸುತ್ತಿದ್ದರು. “ಅಂಚು ಹಿಡಿಯವ್ವಾ, ಬಿಸಿ ರೊಟ್ಟಿ ಹಿಡದಂಗ,” ಎನ್ನುತ್ತಿದ್ದರು. ಎರಡೂ ಪೆಟ್ಟಿಗೆ ಕುರ್ಚಿಯ ಬಲಕ್ಕೆ, ಒಂದರ ಮೇಲೊಂದು.

ರಂಜಾನ್ ಹಬ್ಬಕ್ಕೆ ಮೊದಲು ಅವರ ಖೋಲಿ ಸಾರಿಸಿ, ರೆಕಾರ್ಡಿನ ಕವರಿನ ಚಿತ್ರದಲ್ಲಿದ್ದಂತೆ ಪೆಟ್ಟಿಗೆಗಳನ್ನು ಕುರ್ಚಿಯ ಆಚೆಗೊಂದು ಈಚೆಗೊಂದು ಇಟ್ಟೆ. ಚಾಚಾ ಬಂದು ಜೋಡಿ ಹಾಡಿನ ಸ್ಟೀರಿಯೋ ರೆಕಾರ್ಡು ಹಾಕಿದರು. ಗಂಡಸಿನ ದನಿ ಬಲದಿಂದ ಬಂತು. ಹೆಂಗಸಿನ ಸಾಲು ಎಡದಿಂದ ಶುರುವಾದಾಗ ಎದ್ದು, ಕುರ್ಚಿ ತಿರುಗಿಸಿ ಕೂತರು. ಅಷ್ಟರಲ್ಲಿ ಅವಳ ಸಾಲು ಮುಗಿದಿತ್ತು. ಮತ್ತೆ ಎದ್ದರು.

“ಕುರ್ಚಿಗೆ ಗಾಲಿ ಹಚ್ಚಸ್ರಿ ಚಾಚಾ,” ಎಂದು ನಕ್ಕೆ.

ಅವರೂ ನಕ್ಕರು. ಆಮೇಲೆ ಹೇಳಿದರು: “ಸಾಂಗೆ ಊರಿನ ಗಣಿಯಾಗ ಸಿಡಿಮದ್ದಿಗೆ ಎಡಗಿವಿ ಹೋತವ್ವಾ. ಯಾರು ಎಲ್ಲಿಂದ ಕರದ್ರೂ ಬಲಕ್ಕ ನಿಂತು ಕರದಂಗ ಆಗತೈತಿ. ಹಳೇ ಮೊನೋ ರೆಕಾರ್ಡಿನ್ಯಾಗ ಎಲ್ಲಾರೂ ಒಂದ ಬಾಗಿಲದಾಗ ಬರತಾರ. ಈ ಸ್ಟೀರಿಯೋಕ್ಕ ಎರಡು ಬಾಗಿಲ. ನಂದೊಂದು ಮುಚ್ಚೇತಿ.”

ಕಟ್ಟಡದ ಸೈಟಿನಲ್ಲಿ ಅವರದು ಹಿಂದಕ್ಕೆ ಬರುವ ಟಿಪ್ಪರುಗಳಿಗೆ ಕೈ ತೋರಿಸುವ ಕೆಲಸ. ನಾನು ಅಲ್ಲೇ ಇಟ್ಟಿಗೆ ಹೊರುತ್ತಿದ್ದೆ.

“ಮುಕಾದಮಗ ಹೇಳಬ್ಯಾಡ. ಕೆಲಸ ಬಿಡಸ್ತಾನ,” ಎಂದರು.

ಹೇಳಲಿಲ್ಲ. ಪೆಟ್ಟಿಗೆಗಳನ್ನು ಮತ್ತೆ ಬಲಕ್ಕಿಟ್ಟೆ. ಸೈಟಿಗೆ ಹೋಗುವಾಗ ಅವರ ಬಲಕ್ಕೇ ನಡೆಯುವುದನ್ನು ಕಲಿತೆ.

ಎರಡು ವರ್ಷದ ನಂತರ ಒಂದು ಬೆಳಿಗ್ಗೆ ಎರಡು ಟಿಪ್ಪರು ಒಟ್ಟಿಗೆ ಬಂದವು. ಚಾಚಾ ಮುಂದಿನದಕ್ಕೆ ಕೈ ತೋರಿಸುತ್ತಿದ್ದರು. ಇನ್ನೊಂದು ಅವರ ಎಡಗಡೆಯಿಂದ ಹಿಂದಕ್ಕೆ ಬರತೊಡಗಿತು. ನಾನು ಆ ಕಡೆಯೇ ಇದ್ದೆ. ಬುಟ್ಟಿ ಕೆಳಗೆ ಹಾಕಿ, “ಚಾಚಾ” ಎಂದು ಕೂಗಿದೆ. ಅವರಿಗೆ ಕೇಳಿಸಿತು. ಬಲಕ್ಕೆ ತಿರುಗಿದರು. ಅಲ್ಲಿ ನನ್ನನ್ನು ಹುಡುಕುತ್ತಾ ಒಂದು ಹೆಜ್ಜೆ ಇಟ್ಟು ನಿಂತರು. ಮುಖದಲ್ಲಿ ಸಣ್ಣ ನಗು ಇತ್ತು. ಟಿಪ್ಪರು ನಿಲ್ಲಲಿಲ್ಲ.

ಸಂಜೆ ಮುಕಾದಮ ಕೇಳಿದ, ಮುದುಕನಿಗೆ ಕಿವಿ ಕೇಳುತ್ತಿರಲಿಲ್ಲವೇನು ಎಂದು.

“ಕೇಳತಿತ್ರಿ. ನಾ ಕರದದ್ದು ಕೇಳಿಸಿತ್ರಿ,” ಎಂದೆ. ಅದು ಸುಳ್ಳಲ್ಲ.

ಪ್ಲೇಯರು ಈಗ ನಮ್ಮ ಖೋಲಿಯಲ್ಲಿದೆ. ನನ್ನ ಎರಡೂ ಕಿವಿ ಚಲೋ ಇವೆ. ಪೆಟ್ಟಿಗೆಗಳನ್ನು ಇನ್ನೂ ಬಲಕ್ಕೇ ಇಟ್ಟಿದ್ದೇನೆ, ಒಂದರ ಮೇಲೊಂದು.