ಬರದೇ ಹೋದ ನಾನೂರ ಹನ್ನೆರಡು ಮಂದಿ

ನನ್ನ ಭಾವ ಜೀವಮಾನದಲ್ಲಿ ಹೇಳಿದ್ದು ಒಂದೇ ಸುಳ್ಳು. ಅದನ್ನು ಮೂರು ಚಳಿಗಾಲ ಬಿಡದೆ ಹೇಳಿದರು, ನಾನು ಮೂರು ಚಳಿಗಾಲವೂ ಅದಕ್ಕೆ ಟಿಕೆಟ್ ಹರಿದುಕೊಟ್ಟೆ. ಅವರ ಕತೆ ಹೇಳುವ ಯೋಗ್ಯತೆ ನನಗಿದೆಯೋ ಇಲ್ಲವೋ ಗೊತ್ತಿಲ್ಲ. ಆದರೆ ಹೇಳುವವರು ಬೇರೆ ಯಾರೂ ಇಲ್ಲ.

ಭಾವ ಅಂದರೆ ನನ್ನ ಅಕ್ಕನ ಗಂಡ. ಹತ್ತೊಂಬತ್ತನೇ ವಯಸ್ಸಿಗೆ ಊರ ಕಲ್ಲುಗಣಿಯ ರೈಲಿನಲ್ಲಿ ಎಂಜಿನ್ ಒರೆಸುವ ಕೆಲಸಕ್ಕೆ ಸೇರಿದರು, ಆಮೇಲೆ ಒಲೆಗೆ ಕಲ್ಲಿದ್ದಲು ಎಸೆದರು, ಆಮೇಲೆ ಡ್ರೈವರ್ ಆದರು. ಕಲ್ಲುಗಣಿ ಮುಚ್ಚಿದಾಗ ಕಂಪನಿಯವರು ಹನ್ನೊಂದು ಕಿಲೋಮೀಟರ್ ಹಳಿಯನ್ನು ಗುಜರಿಗೆ ಹಾಕಲು ಹೊರಟರು. ಊರಿನ ನಾಲ್ಕಾರು ಜನ ಸೇರಿ ಸಂಘ ಕಟ್ಟಿ, ಹಳಿಯನ್ನೂ ಮೂರು ಬೋಗಿಗಳನ್ನೂ ಒಂದು ಉಗಿ ಎಂಜಿನ್ನನ್ನೂ ಕೊಂಡುಕೊಂಡರು. ಆ ಎಂಜಿನ್ನಿಗೆ ಎಲ್ಲರೂ ‘ಅಜ್ಜಿ’ ಅನ್ನುತ್ತಾರೆ. ಅಜ್ಜಿಯ ಜೊತೆಗೆ ಭಾವನೂ ಬಂದರು, ಸಂಬಳವಿಲ್ಲದೆ. ಪಿಂಚಣಿ ಇತ್ತಲ್ಲ, ಅದೇ ಸಾಕು ಅಂದರು. ಸಾಕೋ ಬೇಕೋ ಅಂತ ಅಕ್ಕನನ್ನು ಯಾರೂ ಕೇಳಲಿಲ್ಲ.

ಹಳೇ ರೈಲು ನೋಡಿ ಜನ ‘ಆಹಾ’ ಅನ್ನುತ್ತಾರೆ. ಅನ್ನಲಿ ಬಿಡಿ, ‘ಆಹಾ’ಗೆ ದುಡ್ಡು ಬೀಳುವುದಿಲ್ಲ. ಹತ್ತಿರದ ಗಣಿಗಳೆಲ್ಲ ಮುಚ್ಚಿಹೋಗಿ ಕಲ್ಲಿದ್ದಲು ಈಗ ಹಡಗಿನಲ್ಲಿ ಬರಬೇಕು. ಹಳಿಯ ಕೆಳಗಿನ ಮರದ ದಿಮ್ಮಿಗಳು ಸಾಲಾಗಿ ಕೊಳೆಯುತ್ತವೆ. ವಿಮೆಯವರು ಪ್ರತಿವರ್ಷ ಕಂತು ಏರಿಸುತ್ತಾರೆ, ಕೇಳಿದರೆ ಎಂಜಿನ್ನಿಗೆ ವಯಸ್ಸಾಯಿತು ಅನ್ನುತ್ತಾರೆ. ವಯಸ್ಸಾಗಿರುವುದಕ್ಕೇ ತಾನೇ ಜನ ಬರುವುದು! ಏಳು ವರ್ಷದಿಂದ ಟಿಕೆಟ್ ಕಿಟಕಿಯಲ್ಲಿ ಕೂತು ಇದನ್ನೆಲ್ಲ ನೋಡಿ ನನಗೆ ಸಾಕಾಗಿಹೋಗಿದೆ. ನಿಜ ಹೇಳಬೇಕೆಂದರೆ ನಮ್ಮನ್ನು ಬದುಕಿಸುತ್ತಿದ್ದುದು ರೈಲಲ್ಲ, ಪ್ಲಾಟ್‌ಫಾರಂ ತುದಿಯ ಟೀ ಅಂಗಡಿ. ಟಿಕೆಟ್ಟಿನ ದುಡ್ಡು ಕಲ್ಲಿದ್ದಲಿಗೇ ಸರಿಹೋಗುತ್ತಿತ್ತು. ಬಂದವರು ಟೀ ಕುಡಿದು, ಬಿಸ್ಕತ್ತು ತಿಂದು, ಅಜ್ಜಿಯ ಚಿತ್ರವಿರುವ ಒಂದು ಲೋಟ ಕೊಂಡರೆ ಮಿಕ್ಕಿದ್ದೆಲ್ಲ ನಡೆಯುತ್ತಿತ್ತು.

ಅದಕ್ಕೇ ಕಾರ್ಯದರ್ಶಿ ಮೇಡಂ ಒಂದು ನಿಯಮ ಮಾಡಿದರು. ಬ್ಯಾಂಕಿನಲ್ಲಿ ಮ್ಯಾನೇಜರ್ ಆಗಿ ನಿವೃತ್ತರಾದವರು, ಒಂದು ಪೈಸೆ ಆಚೀಚೆ ಆಗಲು ಬಿಡುವವರಲ್ಲ. ಚಳಿಗಾಲದಲ್ಲಿ ಜನ ಕಡಿಮೆಯಲ್ಲವೇ, ಹಾಗಾಗಿ ಶುಕ್ರವಾರ ಸಂಜೆ ಐದರೊಳಗೆ ಮೂವತ್ತು ಟಿಕೆಟ್ ಹೋಗಿದ್ದರೆ ಮಾತ್ರ ಭಾನುವಾರ ಅಜ್ಜಿ. ಇಲ್ಲದಿದ್ದರೆ ‘ಡಬ್ಬಿ’. ಡಬ್ಬಿ ಅಂದರೆ ನಮ್ಮ ಪುಟ್ಟ ಡೀಸೆಲ್ ಎಂಜಿನ್. ಬಟನ್ ಒತ್ತಿದರೆ ಹೊರಡುತ್ತದೆ, ಅಷ್ಟೇ ಅದರ ಗುಣ. ಅಜ್ಜಿಗಾದರೆ ಶನಿವಾರವೇ ಬೆಂಕಿ ಹಾಕಿ ಮೆಲ್ಲಗೆ ಬೆಚ್ಚಗೆ ಮಾಡಬೇಕು, ಅವಸರ ಮಾಡಿದರೆ ಕಬ್ಬಿಣ ಬಿರುಕು ಬಿಡುತ್ತದೆ. ಒಬ್ಬ ಪ್ರಯಾಣಿಕ ಬಂದರೂ ಅಷ್ಟೇ ಕಲ್ಲಿದ್ದಲು, ನೂರು ಜನ ಬಂದರೂ ಅಷ್ಟೇ.

ನಿಯಮ ಬಂದ ಮೊದಲ ಚಳಿಗಾಲ. ಒಂದು ಶುಕ್ರವಾರ ನಾಲ್ಕೂಮುಕ್ಕಾಲಿಗೆ ಇಪ್ಪತ್ತಮೂರು ಟಿಕೆಟ್ ಹೋಗಿತ್ತು. ಭಾವ ಕೈಯ ಮಸಿ ಒರೆಸಿಕೊಳ್ಳುತ್ತ ಕಿಟಕಿಗೆ ಬಂದರು.

“ಏಳು ಕೊಡಮ್ಮ. ನನ್ನ ಹಳೇ ಸ್ನೇಹಿತನ ಮನೆಯವ್ರು ಬರ್ತಾರೆ.”

ಕೊಟ್ಟೆ. ಭಾನುವಾರ ಸ್ನೇಹಿತನ ಮನೆಯವರು ಬರಲಿಲ್ಲ. ಮಗುವಿಗೆ ಜ್ವರವಂತೆ. ಮುಂದಿನ ವಾರ ಇನ್ನೊಬ್ಬ ಸ್ನೇಹಿತನ ಮನೆಯವರು, ಒಂಬತ್ತು ಮಂದಿ. ಅವರ ಕಾರು ಕೆಟ್ಟಿತಂತೆ. ಮೂರನೇ ವಾರ ನಾನು ಮುಖ ನೋಡಿದೆ, ಅವರು ಗೋಡೆ ಗಡಿಯಾರ ನೋಡಿದರು. ನಮ್ಮ ಭಾವನಿಗೆ ಅಷ್ಟೊಂದು ಸ್ನೇಹಿತರು ಎಲ್ಲಿಂದ ಬರಬೇಕು? ಮಾತಾಡುವುದೇ ಎಂಜಿನ್ ಜೊತೆಗೆ.

ಆ ಟಿಕೆಟ್‌ಗಳನ್ನು ಅವರು ಅಜ್ಜಿಯ ಒಲೆಗೇ ಹಾಕುತ್ತಿದ್ದರು ಅಂತ ಆಮೇಲೆ ತಿಳಿಯಿತು. ನಾನು ಬಾಯಿಗೆ ಬೀಗ ಹಾಕಿಕೊಂಡೆ. ಯಾಕೆ ಅಂದರೆ, ಭಾನುವಾರ ಬೆಳಗ್ಗೆ ಹೊಗೆ ಏಳುವುದನ್ನು ನೋಡುವ ಆ ಮುಖ ನನಗೆ ಬೇಕಾಗಿತ್ತು. ಹೇಳಿದ್ದರೆ ಅಕ್ಕನೂ ಅವರೂ ಜಗಳವಾಡುತ್ತಿದ್ದರು. ಒಂದು ಕೆಲಸ ಮಾತ್ರ ಮಾಡಿದೆ. ಟಿಕೆಟ್ ಹರಿದ ಮೇಲೆ ಪುಸ್ತಕದಲ್ಲಿ ಉಳಿಯುವ ತುಂಡಿನ ಮೂಲೆಯಲ್ಲಿ, ಬರದವರಿಗೆಲ್ಲ ಪೆನ್ಸಿಲಿನಲ್ಲಿ ಒಂದೊಂದು ಚುಕ್ಕೆ ಇಟ್ಟೆ. ಯಾಕೆ ಇಟ್ಟೆನೋ, ದೇವರಾಣೆ ಗೊತ್ತಿಲ್ಲ.

ನಮ್ಮ ಗಾರ್ಡ್ ಮಿಕ್ಕ ದಿನ ಟೈಲರ್. ಬೋಗಿಗಳಲ್ಲಿ ಟಿಕೆಟ್ ತೂತು ಮಾಡುವುದು ಅವನ ಕೆಲಸ. ಖಾಲಿ ಸೀಟುಗಳನ್ನು ನೋಡಿ, “ಏನ್ ದೊಡ್ಡೋರಪ್ಪ, ದುಡ್ಡು ಕೊಟ್ಟೂ ಬರೋದಿಲ್ಲ!” ಅಂತ ನಗುತ್ತಿದ್ದ. ಮೇಡಂಗೆ ಬೇರೆಯೇ ಚಿಂತೆ. ಚಳಿಗಾಲದ ಟಿಕೆಟ್ ಏರುತ್ತಿದೆ, ಟೀ ವ್ಯಾಪಾರ ಮಾತ್ರ ಇದ್ದಲ್ಲೇ ಇದೆ! ಟೀ ಚೆನ್ನಾಗಿಲ್ಲವೇನೋ ಅಂತ ಎರಡು ಸಲ ಟೀಪುಡಿ ಬದಲಾಯಿಸಿದರು, ಅಂಗಡಿಯವಳಿಗೆ ಬೈದರು. ಪಾಪ, ಅವಳು ಅತ್ತಳು. ಇಲ್ಲದ ಪ್ರಯಾಣಿಕರು ಟೀ ಕುಡಿಯುವುದಿಲ್ಲ ಅಂತ ನಾನು ಹೇಗೆ ಹೇಳಲಿ?

ಹೀಗೇ ಮೂರನೇ ಚಳಿಗಾಲವೂ ಮುಗಿಯುವುದರಲ್ಲಿತ್ತು. ಅಷ್ಟರಲ್ಲಿ ಬಾಯ್ಲರಿನ ಗಡುವು ಬಂತು.

ಉಗಿ ಎಂಜಿನ್ನಿನ ಬಾಯ್ಲರಿಗೆ ಹತ್ತು ವರ್ಷಕ್ಕೊಮ್ಮೆ ಪರೀಕ್ಷೆ. ಇನ್ಸ್‌ಪೆಕ್ಟರು ಬಂದು, ಸುತ್ತಿಗೆಯಲ್ಲಿ ತಟ್ಟಿ, ಕಿವಿಗೊಟ್ಟು ಕೇಳಿ, ಒಳಗಿನ ನೂರಾ ಮೂವತ್ತು ಕೊಳವೆಗಳನ್ನೂ ಬದಲಾಯಿಸಲೇಬೇಕು ಅಂದರು. ತಿಂಗಳ ಕೊನೆಗೆ ಸರ್ಟಿಫಿಕೇಟ್ ಮುಗಿಯುತ್ತದೆ, ಆಮೇಲೆ ಬೆಂಕಿ ಹಾಕಿದರೆ ಅಪರಾಧ. ಖರ್ಚು ಹದಿನೆಂಟು ಲಕ್ಷ. ಸಂಘದ ಗಂಟಿನಲ್ಲಿ ಇದ್ದದ್ದು ನಾಲ್ಕು.

ಮೇಡಂ ಮೂರು ವರ್ಷದ ಟಿಕೆಟ್ ಲೆಕ್ಕ ಹಿಡಿದು ಬ್ಯಾಂಕಿಗೆ ಹೋದರು. ಚಳಿಗಾಲದಲ್ಲೂ ಜನ ಏರುತ್ತಿದ್ದಾರೆ, ನೋಡಿ ಅಂದರು. ಬ್ಯಾಂಕಿನವರು ಒಪ್ಪಿದರು. ಆದರೆ ಅಡಮಾನ ಬೇಕು. ಮೇಡಂ ತಮ್ಮ ಮನೆ ಇಡುತ್ತೇನೆ ಅಂದರು. ಟೈಲರ್ ತನ್ನ ಅಂಗಡಿ ಇಡುತ್ತೇನೆ ಅಂದ. ಎರಡು ಹೊಲಿಗೆ ಯಂತ್ರ, ಒಂದು ಬೆಂಚು, ಮೇಲೊಂದು ಕೋಣೆಯಲ್ಲಿ ಸಂಸಾರ. ಅದೇ ಅವನ ಆಸ್ತಿ.

ಸಹಿ ಹಾಕುವ ಸಭೆ ಗುರುವಾರ. ಬುಧವಾರ ಮಧ್ಯಾಹ್ನ ನಾನು ಶೆಡ್ಡಿಗೆ ಹೋದೆ. ಭಾವ ಅಜ್ಜಿಯ ಚಕ್ರದ ಪಕ್ಕ ಕುಕ್ಕರುಗಾಲಲ್ಲಿ ಕೂತು ಎಣ್ಣೆ ಬಿಡುತ್ತಿದ್ದರು.

“ಭಾವ, ನಾಳೆ ಟೈಲರ್ ಅಂಗಡಿ ಬರೆದುಕೊಡ್ತಾನೆ.”

“ಹೂಂ.”

“ಹೂಂ ಅಂದ್ರೆ? ನಿಮ್ಮ ಸ್ನೇಹಿತ್ರನ್ನ ನಂಬ್ಕೊಂಡು ಬರೆದುಕೊಡ್ತಾನೆ!”

ಎಣ್ಣೆಕ್ಯಾನು ನಿಂತಿತು. ನನಗೆ ಗೊತ್ತು ಅಂತ ಅವರಿಗೂ ಮೊದಲೇ ಗೊತ್ತಿತ್ತು ಅಂತ ಕಾಣುತ್ತದೆ, ಗಾಬರಿಯೇನೂ ಬೀಳಲಿಲ್ಲ. ಸುಸ್ತಾದವರ ಹಾಗೆ ಕಂಡರು.

“ಒಂದು ಸಲ ಕೊಳವೆ ಬದಲಾಗಿಬಿಡ್ಲಿ ಕಣಮ್ಮ. ಇನ್ನು ಹತ್ತು ವರ್ಷ ಯೋಚ್ನೆ ಇಲ್ಲ. ಜನ ಬಂದೇ ಬರ್ತಾರೆ.”

“ಬರದಿದ್ರೆ? ಇನ್ನು ಹತ್ತು ವರ್ಷ ನೀವೇ ಟಿಕೆಟ್ ತಗೋತೀರಾ? ಅವನ ಸಂಸಾರ ಬೀದಿಗೆ ಬಿದ್ರೆ ಅಜ್ಜಿ ಬಂದು ಅನ್ನ ಹಾಕ್ತಾಳಾ?”

ಅವರು ಮತ್ತೆ ಎಣ್ಣೆ ಬಿಡತೊಡಗಿದರು. ನಾನು ಹೊಟ್ಟೆಯಲ್ಲಿದ್ದುದನ್ನೆಲ್ಲ ಕಾರಿಬಿಟ್ಟೆ. ನೀವು ಹೇಳದಿದ್ದರೆ ನಾನೇ ಹೇಳುತ್ತೇನೆ ಅಂದು ಬಂದುಬಿಟ್ಟೆ. ಬರುವಾಗ ದಾರಿಯುದ್ದಕ್ಕೂ ಅಳು. ಹೇಳಿದರೆ ಅಜ್ಜಿ ಹೋದಳು, ಅದು ನನಗೆ ಗೊತ್ತಿಲ್ಲವೇ?

ಗುರುವಾರ ಸಭೆ ಪ್ರಯಾಣಿಕರ ಕೋಣೆಯಲ್ಲಿ. ಮೇಜಿನ ಮೇಲೆ ಕಾಗದಗಳು. ಮೇಡಂ ಕನ್ನಡಕ ಏರಿಸಿಕೊಂಡು ಮೊದಲು ತಾವು ಸಹಿ ಹಾಕಿದರು, ಆಮೇಲೆ ಪೆನ್ನನ್ನು ಟೈಲರ್ ಕಡೆ ತಳ್ಳಿದರು. ಅವನು ಪ್ಯಾಂಟಿಗೆ ಕೈ ಒರೆಸಿಕೊಂಡು ಪೆನ್ನು ತೆಗೆದುಕೊಂಡ. ನಾನು ಏಳಬೇಕು ಅಂದುಕೊಂಡು ಕುರ್ಚಿ ಸರಿಸಿದೆ.

“ಪೆನ್ನು ಕೆಳಗಿಡಪ್ಪ,” ಅಂದರು ಭಾವ.

ನಿಂತುಕೊಂಡೇ ಎಲ್ಲ ಹೇಳಿದರು. ತಲೆ ತಗ್ಗಿಸಲಿಲ್ಲ, ಸಮರ್ಥನೆಯನ್ನೂ ಕೊಡಲಿಲ್ಲ. ಎಷ್ಟು ಟಿಕೆಟ್ ಅಂತ ಮೇಡಂ ಕೇಳಿದಾಗ ಮಾತ್ರ ತಡವರಿಸಿದರು. “ಲೆಕ್ಕ ಇಟ್ಟಿಲ್ಲ ಮೇಡಂ.”

“ನಾನೂರ ಹನ್ನೆರಡು,” ಅಂದೆ ನಾನು.

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಪುಸ್ತಕಗಳನ್ನು ತಂದು ಮೇಜಿನ ಮೇಲಿಟ್ಟು ಚುಕ್ಕೆ ತೋರಿಸಿದೆ. ನಾಚಿಕೆಯಿಂದ ಕಿವಿ ಬಿಸಿಯಾಗಿತ್ತು. ಟೀ ಅಂಗಡಿಯವಳು ಬಾಗಿಲಲ್ಲಿ ನಿಂತು, “ನಾನಾಗ್ಲೇ ಹೇಳ್ಲಿಲ್ವಾ ಟೀ ಚೆನ್ನಾಗಿದೆ ಅಂತ!” ಅಂದಳು. ಯಾರೂ ನಗಲಿಲ್ಲ.

ಮೇಡಂ ಕಾಲು ಗಂಟೆ ಲೆಕ್ಕ ಹಾಕಿದರು. ಆಮೇಲೆ ಬಹಳ ಮೆತ್ತಗೆ ಹೇಳಿದರು: “ನೀವು ಮೂವತ್ತು ತುಂಬಿಸಿದ ಐವತ್ತೊಂದು ಭಾನುವಾರ ಡಬ್ಬಿ ಓಡಿದ್ರೆ ಸಂಘಕ್ಕೆ ಎರಡೂವರೆ ಲಕ್ಷ ಉಳೀತಿತ್ತು. ನೀವು ಕೊಟ್ಟ ದುಡ್ಡು ಅದರ ಕಾಲುಭಾಗವೂ ಇಲ್ಲ.”

ಭಾವನ ಮುಖ ಆಗ ಇಳಿದುಹೋಯಿತು. ಅಷ್ಟು ಹೊತ್ತೂ ಅವರು ಕೈಯಿಂದ ದುಡ್ಡು ಹಾಕಿ ಎಂಜಿನ್ ಉಳಿಸುತ್ತಿದ್ದೇನೆ ಅಂತಲೇ ನಂಬಿದ್ದರು. ಅಜ್ಜಿಯ ಕೊಳವೆಗೆ ಆಗಬಹುದಾಗಿದ್ದ ದುಡ್ಡನ್ನೇ ವಾರವಾರ ಅಜ್ಜಿಯ ಒಲೆಗೆ ಹಾಕಿದ್ದರು. ಟೈಲರ್ ಅವರನ್ನು ಕೂರಿಸಿ ನೀರು ಕೊಟ್ಟ. ಬೈಯಬೇಕಾದವನೇ ಬೈಯಲಿಲ್ಲ.

ಮೇಡಂ ಕಾಗದಗಳನ್ನು ಫೈಲಿಗೆ ಸೇರಿಸಿದರು. ಸಾಲವಿಲ್ಲ. ತಿಂಗಳ ಕೊನೆಗೆ ಅಜ್ಜಿಯನ್ನು ಶೆಡ್ಡಿನಲ್ಲಿ ನಿಲ್ಲಿಸುವುದು, ಜನ ಬಂದು ನೋಡಿಕೊಂಡು ಹೋಗಲಿ, ಡಬ್ಬಿ ಓಡಲಿ. ಕೈ ಎತ್ತಿ ಒಪ್ಪಿದವರಲ್ಲಿ ಭಾವನೂ ಒಬ್ಬರು.

ಅವತ್ತು ಅಕ್ಕನ ಮನೆಗೆ ನಾನೂ ಜೊತೆಗೆ ಹೋದೆ. ಅಡುಗೆಮನೆಯಲ್ಲಿ ಅಕ್ಕ ಪೂರ್ತಿ ಕೇಳಿಸಿಕೊಂಡಳು. ಪಿಂಚಣಿಯ ಮಾತು ಎತ್ತುತ್ತಾಳೆ, ಸೋರುವ ಮಾಡಿನ ಮಾತು ಎತ್ತುತ್ತಾಳೆ ಅಂತ ನಾನು ಹಲ್ಲು ಕಚ್ಚಿಕೊಂಡು ಕಾದಿದ್ದೆ. ಅವಳು ಸ್ಟೌ ಆರಿಸಿ ಭಾವನ ಕಡೆ ತಿರುಗಿದಳು.

“ನಾನೂರ ಹನ್ನೆರಡು ಟಿಕೆಟ್ ತಗೊಂಡ್ರಲ್ಲ, ಒಂದನ್ನಾದ್ರೂ ನನ್ನ ಕೈಗೆ ಕೊಡೋಕಾಗ್ಲಿಲ್ವಾ? ನಾನು ಬಂದು ಕೂತಿರ್ತಿದ್ದೆ.”

ಮೂವತ್ತೆಂಟು ವರ್ಷದ ಸಂಸಾರದಲ್ಲಿ ಅಕ್ಕ ಒಂದು ಸಲವೂ ಆ ರೈಲು ಹತ್ತಿರಲಿಲ್ಲ. ಭಾನುವಾರವೂ ಬೆಳಗಿನ ಜಾವಕ್ಕೆ ಎದ್ದು ಊಟದ ಡಬ್ಬಿ ಕಟ್ಟಿಕೊಡುವುದು, ಸಂಜೆ ಮಸಿಬಟ್ಟೆ ನೆನೆಹಾಕುವುದು. ಬಾ ಅಂತ ಯಾರೂ ಕರೆದಿರಲಿಲ್ಲ. ನಾನೂ ಕರೆದಿರಲಿಲ್ಲ.

ಸರ್ಟಿಫಿಕೇಟಿನ ಕೊನೆಯ ವಾರ ಬಂತು. ಶುಕ್ರವಾರ ಸಂಜೆ ನಾಲ್ಕೂಮುಕ್ಕಾಲಿಗೆ ಹತ್ತೊಂಬತ್ತು ಟಿಕೆಟ್. ಇದೊಂದು ಸಲ ಮೇಡಂ ನಿಯಮ ಸಡಿಲಿಸಬಹುದು ಅಂತ ಅವರ ಮುಖ ನೋಡಿದೆ. ಅವರು ಗಡಿಯಾರ ನೋಡುತ್ತಿದ್ದರು, ಕಣ್ಣು ಕೆಂಪಗಿತ್ತು. ನನ್ನ ಪರ್ಸಿನಲ್ಲಿ ಹನ್ನೊಂದು ಟಿಕೆಟ್ಟಿನ ದುಡ್ಡಿತ್ತು. ಸುಳ್ಳು ಯಾಕೆ ಹೇಳಲಿ, ಎರಡು ಸಲ ಪರ್ಸು ತೆರೆದೆ. ಶೆಡ್ಡಿನ ಬಾಗಿಲಲ್ಲಿ ಭಾವ ನಿಂತಿರುವುದು ಕಾಣುತ್ತಿತ್ತು. ಅವರು ಕಿಟಕಿಯ ಕಡೆ ಬರಲಿಲ್ಲ. ನಾನೂ ಪರ್ಸು ಮುಚ್ಚಿದೆ. ಐದು ಗಂಟೆ ಹೊಡೆಯಿತು. ಶನಿವಾರ ಬೆಂಕಿ ಹಾಕಲಿಲ್ಲ.

ಭಾನುವಾರ ಬೆಳಗ್ಗೆ ಡಬ್ಬಿ ಬಂದು ಪ್ಲಾಟ್‌ಫಾರಂನಲ್ಲಿ ಗುರ್ ಅನ್ನುತ್ತ ನಿಂತಿತು. ಓಡಿಸುವವನು ಬೇರೆಯವನು. ಹೊರಡಲು ಹತ್ತು ನಿಮಿಷ ಇರುವಾಗ ಕಿಟಕಿಯ ಮುಂದೆ ಇಬ್ಬರು ಬಂದು ನಿಂತರು. ಅಕ್ಕ ಇಸ್ತ್ರಿ ಮಾಡಿದ ಬಟ್ಟೆ ಉಟ್ಟು, ಕೈಚೀಲ ಹಿಡಿದುಕೊಂಡಿದ್ದಳು. ಭಾವನ ಮೈಮೇಲೆ ಮಸಿಬಟ್ಟೆ ಇರಲಿಲ್ಲ, ಗುರುತು ಹಿಡಿಯಲು ನನಗೆ ಒಂದು ಕ್ಷಣ ಬೇಕಾಯಿತು. ಅವರು ಕಿಟಕಿಯೊಳಗೆ ಎರಡು ಟಿಕೆಟ್ ಸರಿಸಿದರು. ಒಂದು ಮೂಲೆ ಮಡಿಚಿಹೋಗಿತ್ತು.

“ಹಳೇ ಕೋಟಿನ ಒಳಜೇಬಲ್ಲಿ ಉಳ್ಕೊಂಡಿತ್ತು,” ಅಂದರು. “ಹೋದ ಚಳಿಗಾಲದ್ದು. ನಡೆಯುತ್ತೇನಮ್ಮ?”

“ತಾರೀಖು ಮುಗಿದಿದೆ ಭಾವ.”

“ಹೌದು, ಮುಗಿದಿದೆ.”

“ದುಡ್ಡು ಮೊದ್ಲೇ ಕೊಟ್ಟಿದೀರಿ ತಾನೇ? ಸುಮ್ನೆ ಹತ್ತಿ,” ಅಂತ ಗದರಿದೆ. ಗದರದಿದ್ದರೆ ಅತ್ತುಬಿಡುತ್ತಿದ್ದೆ.

ಬೋಗಿಯ ಮೆಟ್ಟಿಲ ಹತ್ತಿರ ಭಾವ ನಿಂತುಬಿಟ್ಟರು. ಆ ಬೋಗಿಗಳನ್ನು ಅಷ್ಟು ವರ್ಷ ಎಳೆದವರಿಗೆ ಒಳಗೆ ಎಲ್ಲಿ ಕೂರಬೇಕೆಂದು ಗೊತ್ತಿರಲಿಲ್ಲ. “ಕಿಟಕಿ ಪಕ್ಕ ನನಗೆ,” ಅಂತ ಅಕ್ಕ ಮೊದಲು ಹತ್ತಿದಳು. ಟೈಲರ್ ಇಬ್ಬರ ಟಿಕೆಟ್ಟನ್ನೂ ಇಸಕೊಂಡು, ತಾರೀಖು ನೋಡಿಯೂ ತೂತು ಮಾಡಿದ.

ರೈಲು ಹೋದ ಮೇಲೆ ನಾನು ಹಳೇ ಪುಸ್ತಕ ತೆಗೆದು, ಆ ಎರಡು ನಂಬರು ಹುಡುಕಿ, ಮೂಲೆಯ ಚುಕ್ಕೆಗಳನ್ನು ರಬ್ಬರಿನಲ್ಲಿ ಅಳಿಸಿದೆ. ಬರದವರು ಈಗ ನಾನೂರ ಹತ್ತು.